ಜಾಂಬೋಟಿಯ ಈಚೆ

೧೬-೧೨-೧೯೭೯, ರವಿವಾರ, ಬೆಳಗಾವಿ

ತೊಡೆ ನೋಯುತ್ತಿದೆ. ಗೆಳೆಯ ಸಮದನ ತೊಡೆ ಇದಕ್ಕಿಂತ ಹೆಚ್ಚು ನೋಯುತ್ತಿರಬೇಕು, ಅದಕ್ಕೇ ನನಗೆ ಹೊಟ್ಟೆಕಿಚ್ಚು. ಅವನು ಇಷ್ಟೊತ್ತಿಗೆ ಗೋವೆಗೆ ಇಳಿದಿರುತ್ತಾನೆ. ನಾಳೆಯಿಂದ ಸಮುದ್ರದ ದಂಡೆ ಹಿಡಿದು ಕಾರವಾರದವರೆಗೆ ಅವನ ಸೈಕಲ್ಲು. ಹಾದಿಯ ನಕ್ಷೆ ಬರೆದುಕೊಟ್ಟವನು ನಾನು.

ಬೆಳಿಗ್ಗೆ ಪೀರನವಾಡಿಯಲ್ಲಿ, ಊರು ಮುಗಿಯುವಲ್ಲಿ, ಇಬ್ಬರೂ ಚಹಾ ಕುಡಿದು ಹೊರಟೆವು. ಜಾಂಬೋಟಿ ಬಂದೊಡನೆ ನಾನು ಸೈಕಲ್ಲಿನಿಂದ ಇಳಿದೆ.

"ಒಂದ ತಿರುವು ಬಾರಲೇ ಪಾರೀಸ. ಇಲ್ಲಿ ಯಾರ ನೋಡಾಕತ್ತಾರ?"

"ನಾನ ನೋಡಾಕತ್ತೇನಲ್ಲ."

ಅವನು ನಗಲಿಲ್ಲ. ತಿರುವಿನಾಚೆಯಿಂದ ಅವನ ಗಂಟೆ ಎರಡು ಸಲ ಕೇಳಿತು.

ಹನ್ನೆರಡು ವರ್ಷದವನಿದ್ದಾಗ ಅವ್ವ ನನ್ನನ್ನು ಬಸದಿಯಲ್ಲಿ ಜೈನ ಮುನಿಗಳ ಮುಂದೆ ಕೂರಿಸಿ ದಿಗ್ವ್ರತ ಕೊಡಿಸಿದಳು, ದಿಕ್ಕು ದಿಕ್ಕಿಗೂ ಒಂದು ಗಡಿ ಹೇಳಿ ಅದರಾಚೆ ಕಾಲಿಡೆನೆಂಬ ವ್ರತ. ಪಶ್ಚಿಮಕ್ಕೆ ಎಲ್ಲಿಯವರೆಗೆ ಹೋಗುತ್ತೀ ಎಂದು ಅವರು ಕೇಳಿದರು. ಜಾಂಬೋಟಿ ಎಂದೆ. ಅಲ್ಲಿಗೆ ಲೋಕ ಮುಗಿಯುತ್ತದೆ ಎಂದುಕೊಂಡಿದ್ದೆ. ಆಚೆ ಸಮುದ್ರವಿದೆ ಎಂದು ಯಾರೂ ಹೇಳಿರಲಿಲ್ಲ. ಇನ್ನು ಬದುಕಿರುವವರೆಗೆ ದಾಟುವಂತಿಲ್ಲ. ಗೆರೆಯನ್ನು ಒಳಗೆ ಎಳೆದುಕೊಳ್ಳಬಹುದು, ಹೊರಗೆ ತಳ್ಳುವಂತಿಲ್ಲ. ಆ ಹುಡುಗನನ್ನು ಹಿಡಿದು ಎರಡು ಬಾರಿಸಬೇಕು ಅನಿಸುತ್ತದೆ.

ಸಂಜೆ ಅವ್ವ ಕಾಲಿಗೆ ಎಣ್ಣೆ ತಿಕ್ಕುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಅಕ್ಕರೆಯಿಂದಲೇ ಹೇಳಿದಳು, "ಆ ಹಾದಿ ಕಣ್ಣಿಗೆ ಬೀಳೂದಕ್ಕನ ನಿನ್ನ ಜೀವ ಹಿಂಗ ಒದ್ದಾಡತೈತಿ. ನಾಳಿ ಬಸದಿಗೆ ಹೋಗೂಣು. ಜಾಂಬೋಟಿ ಬ್ಯಾಡ, ಪೀರನವಾಡಿತನಕ ಸಾಕು ಅಂತ ಹೇಳಿಬಿಡು."

ಅದೇ ಹುಡುಗನ ಹಾಗೆ ಹೂಂ ಎಂದೆ.