ಹಲಗೆಯ ಮೇಲಿನ ಒಂದು ಗಂಟೆ

ಮಾರ್ಚ್ 29, ಭಾನುವಾರ

ಚಹಾದಂಗಡಿಯ ಹಲಗೆ ಒರೆಸಿದೆ. ಸಮುದ್ರದ ಇಳಿತ ಎಷ್ಟು ಗಂಟೆಯವರೆಗೆ, ಅಂದರೆ ಯಾವಾಗ ಮೇಲೆ ಹತ್ತಿ ಬರಬೇಕು ಎಂದು ಪುಸ್ತಕ ನೋಡಿ ಬರೆಯುವುದು ನನ್ನ ಕೆಲಸ. ಫೋಟೋದವರು ಅದನ್ನು ನೋಡಿಯೇ ಬಂಡೆ ಇಳಿಯುತ್ತಾರೆ. ಇವತ್ತು ದೇಶಕ್ಕೆಲ್ಲ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನ.

"ಲೋವ್ರಿ, ಇನ್ಮೇಲೆ ಒಂದ್ ಗಂಟೆ ಸೇರ್ಸಿ ಬರಿ. ಪುಸ್ತಕಕ್ಕೆ ಬೇಸಿಗೆ ಬಂದಿದ್ದು ಗೊತ್ತಾಗಲ್ಲ."

"ಗೊತ್ತು ತಾತ."

"ಎಲ್ಲಾ ಗೊತ್ತಿರೋಳು ಸ್ಕೂಲ್ ಯಾಕ್ ಬಿಟ್ಟೆ?"

ಸೀಮೆಸುಣ್ಣ ತೆಗೆದುಕೊಂಡೆ. ಸೇರಿಸಿದೆ.

ಏಪ್ರಿಲ್ 2

ನಾಲ್ಕು ದಿನದಿಂದ ಬರೀ ಗಾಳಿ. ಯಾರೂ ಇಳಿದಿಲ್ಲ. ಕೂತು ಕೂತು ಸಾಕಾಯಿತು.

ಏಪ್ರಿಲ್ 3, ಮಧ್ಯಾಹ್ನ 12

ಬಿಸಿಲು! ಮಿಸೆಸ್ ಥ್ವೇಟ್ ಎಂಬುವವರು ಇಳಿದರು. ಲೀಡ್ಸ್‌ನಿಂದ ವೇಲ್ಸ್‌ವರೆಗೆ ಬಂದಿದ್ದೇ ನಮ್ಮ ಕಡಲಂಚಿನ ಕಲ್ಲಿನ ಕಮಾನಿನ ಫೋಟೋಗಾಗಿ. ತಮಗಿಂತ ಭಾರದ ಕ್ಯಾಮೆರಾ ಸ್ಟ್ಯಾಂಡು ಹೊತ್ತಿದ್ದರು. ಇಳಿಯುವ ಮುನ್ನ ಕೇಳಿದರು:

"ಎಷ್ಟೊತ್ತು ಇರ್ಬೋದಮ್ಮಾ?"

"ಮೂರರ ತನಕ. ಆಮೇಲೆ ಸಮುದ್ರ ಯಾರಿಗೂ ಕಾಯಲ್ಲ."

2:35

ನೀರು ಆಗಲೇ ಮೆಟ್ಟಿಲು ಮುಟ್ಟಿದೆ. ಯಾಕೆ? ಪುಸ್ತಕದ ಮೊದಲ ಪುಟ ಈಗ ಓದಿದೆ... ಈ ವರ್ಷದ್ದು ಬೇರೆ ಪುಸ್ತಕ. "ಬೇಸಿಗೆಯ ಗಂಟೆ ಸೇರಿಸಲಾಗಿದೆ" ಎಂದು ಅಚ್ಚಾಗಿದೆ. ಪುಸ್ತಕದವರು ಸೇರಿಸಿದ್ದರ ಮೇಲೆ ನಾನೂ ಸೇರಿಸಿದ್ದೇನೆ. ಮಿಸೆಸ್ ಥ್ವೇಟ್ ಎರಡಕ್ಕೇ ಹತ್ತಿ ಬರಬೇಕಿತ್ತು. ಕೆಳಗೆ ಫೋನ್ ಸಿಗುವುದಿಲ್ಲ. ರಕ್ಷಣಾ ದೋಣಿಯವರಿಗೆ ಅಂಗಡಿಯಿಂದ ಫೋನ್ ಮಾಡಿ, ಒಬ್ಬರು ಕೆಳಗಿದ್ದಾರೆ ಎಂದಷ್ಟೇ ಹೇಳಿದೆ. 

3:05

ದೋಣಿಯವರ ಪೈಕಿ ಗೆಥಿನ್ ಮಾಮ ಮೇಲೆ ಬಂದು ಕೇಳಿದ: "ಆಯಮ್ಮಂಗೆ ಎಷ್ಟು ಗಂಟೆ ಅಂದಿದ್ರಿ?"

ತಾತ ಹಲಗೆಯನ್ನು ತೋಳಲ್ಲೇ ಒರೆಸಿಬಿಟ್ಟಿದ್ದ. "ಎರಡು ಅಂತಾನೇ ಬರ್ದಿತ್ತು. ಈ ಊರಾಚೆಯೋರಿಗೆ ಓದಕ್ಕೆಲ್ಲಿ ಬರುತ್ತೆ."

"ಹಂಗಾದ್ರೆ ಎರಡಕ್ಕೇ ಹೊರಟಿರ್ತಾರೆ. ವಾಪಸ್ ಬರೋ ದಾರೀಲಿ ಸಿಕ್ಕಾಕ್ಕೊಂಡಿರ್ಬೇಕು. ಉತ್ತರದ ಮರಳಲ್ಲಿ ಹುಡುಕ್ತೀವಿ."

ತಾತ ನನ್ನನ್ನು ನೋಡಿದ. ಸುಮ್ಮನಿರು ಎಂಬ ನೋಟ. ನನ್ನನ್ನು ಉಳಿಸುವುದಕ್ಕೇ ಅಂದಿದ್ದು ಆ ಸುಳ್ಳು.

"ಇಲ್ಲ ಮಾಮ. ಮೂರು ಅಂತ ಬರ್ದಿದ್ದೆ. ತಪ್ಪು ನಂದು. ಹೊರಟೇ ಇರಲ್ಲ ಅವ್ರು, ಕಮಾನಿನ ಹತ್ರಾನೇ ಇದಾರೆ."

ತಾತ ಬೆಂಚಿನ ಮೇಲೆ ಕುಸಿದ. ಗೆಥಿನ್ ಮಾಮ ಬೈಯಲಿಲ್ಲ. ವೈರ್‌ಲೆಸ್ಸಿನಲ್ಲಿ ಒಂದೇ ಮಾತು: "ಕಮಾನು. ಬೇಗ." ಉತ್ತರಕ್ಕೆ ಹೊರಟಿದ್ದ ದೋಣಿ ತಿರುಗಿತು.

3:20

ಬಂಡೆಯ ತುದಿಯಲ್ಲಿದ್ದೇನೆ. ಬರೆಯದಿದ್ದರೆ ಕೆಳಗೆ ಹಾರಿಬಿಡುತ್ತೇನೇನೋ. ದೋಣಿ ಕಮಾನಿನೊಳಗೆ ಹೋಯಿತು. ಅದರಲ್ಲಿದ್ದವರು ಮೂವರು. ಅಲೆ ಒಳನುಗ್ಗಿ ಬಿಳಿ ನೊರೆ ಕಾರುತ್ತಿದೆ... ಇನ್ನೂ ಬಂದಿಲ್ಲ... ದೋಣಿಯ ಮೂತಿ ಕಾಣಿಸಿತು. ಎದ್ದು ಕೂತಿರುವ ತಲೆಗಳನ್ನು ಮಾತ್ರ ಎಣಿಸುತ್ತೇನೆ. ಒಂದು. ಎರಡು. ಮೂರು. ನಾಲ್ಕು!