ಊಟದ ಬದಲಿಗೆ ಎರಡು ಚಮಚ ಪುಡಿ

ಮೂಡುಬಿದಿರೆಯ ಕ್ರೀಡಾ ಶಿಬಿರದ ಉಸ್ತುವಾರಿ ಅಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಏಳಲಿಲ್ಲ, ಕ್ಷಮಿಸಬೇಡಿ. ನನ್ನ ಮಗಳು ಶ್ರೇಯಾಳಿಗೆ ಅನ್ನ ಕೊಡದೆ ಡಬ್ಬಿಯ ಪ್ರೋಟೀನ್ ಪುಡಿ ಕುಡಿಸಿ, ಅವಳು ಓಟದಲ್ಲಿ ಕುಸಿದಾಗ ‘ಆಹಾರದಲ್ಲಿ ಶಿಸ್ತಿಲ್ಲ’ ಎಂದು ವರದಿ ಬರೆದು ರಾಜ್ಯ ತಂಡದಿಂದ ಹೊರಗಿಟ್ಟವರು ನೀವು. ಅದಕ್ಕೇ ಈ ಬಹಿರಂಗ ಪತ್ರ, ನಾಲ್ಕು ಜನರೆದುರು.

ವೇಣೂರಿನ ನಮ್ಮ ಜೈನ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಸಾವಿರ ಕಂಬದ ಬಸದಿಯ ಊರಿನಲ್ಲಿ ಶಿಬಿರ ನಡೆಸುವವರಿಗೆ ಇದು ಗೊತ್ತಿರಲಿಲ್ಲವೇ? ಸಂಜೆಯ ಅಭ್ಯಾಸ ಮುಗಿಯುವಾಗ ಇನ್ನೂ ಬಿಸಿಲಿರುತ್ತಿತ್ತು. ಆದರೆ ಆಮೇಲೆ ನಿಮ್ಮ ಭಾಷಣ! ವಿಷಯ: ಕ್ರೀಡಾಪಟುಗಳಿಗೆ ಪೋಷಕಾಂಶಗಳ ಮಹತ್ವ. ನೀವು ಕಬ್ಬಿಣಾಂಶ, ಸತು, ಜೀವಸತ್ವ ಎಂದು ಒಂದೊಂದಾಗಿ ವಿವರಿಸುವಷ್ಟರಲ್ಲಿ ಕತ್ತಲಾಗಿ ನನ್ನ ಮಗಳ ಊಟ ತಪ್ಪುತ್ತಿತ್ತು. ಅಡುಗೆಯ ಹರಿಣಾಕ್ಷಿ ತಾನಾಗಿಯೇ ಬಂದು ಕೇಳಿದ್ದರು: “ಸರ್, ಅವಳಿಗೊಂದು ಬಟ್ಟಲು ಗಂಜಿ, ಹುರುಳಿ ಚಟ್ನಿ ಬೇಗ ಕೊಡ್ತೇನೆ. ನನಗೇನೂ ಕಷ್ಟ ಇಲ್ಲ.”

“ಒಬ್ಬಳಿಗೊಂದು ನಿಯಮ ಆಗುವುದಿಲ್ಲ. ಡಬ್ಬಿ ಉಂಟಲ್ಲ, ಭಾಷಣಕ್ಕೆ ಮೊದಲು ಎರಡು ಚಮಚ ಕುಡಿಯಲಿ. ಅದರಲ್ಲಿ ಎಲ್ಲ ಉಂಟು,” ಎಂದಿರಿ.

ಅವಳು ನಂಬಿದಳು, ಅಧಿಕಾರಿ ಹೇಳಿದ್ದಲ್ಲವೇ! ಊಟದ ಬದಲು ಪುಡಿ, ಖಾಲಿ ಹೊಟ್ಟೆಗೆ ಕಬ್ಬಿಣದ ಮಾತ್ರೆ. ಮಗಳು ಸೊರಗುತ್ತಿದ್ದಾಳೆಂದು ನಾನು ಫೋನು ಮಾಡಿದರೆ, “ಹೆದರಬೇಡಿ ಅಮ್ಮ, ಚಾಂಪಿಯನ್‌ಗಳೆಲ್ಲ ಇದನ್ನೇ ಕುಡಿಯುವುದು, ಡಬ್ಬಿಯ ಮೇಲೆ ಫೋಟೋ ಉಂಟು,” ಎಂದು ನಕ್ಕಿರಿ. ಆಯ್ಕೆ ಓಟದ ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಬಿದ್ದಳು. ಬೆಳ್ತಂಗಡಿಯ ವೈದ್ಯರು ನನಗೇ ಬೈದರು: “ಪುಡಿ, ಮಾತ್ರೆ ಎಲ್ಲ ಊಟದ ಜೊತೆಗೆ, ಊಟದ ಬದಲಿಗೆ ಅಲ್ಲ. ಯಾರು ಹೇಳಿದ್ದು ನಿಮಗೆ?” ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ನೀವು, ಉಣ್ಣದೆ ಬಿದ್ದವಳು ಅವಳು.

ಇರುವೆ ಕಂಡರೂ ದಾಟಿ ನಡೆಯುವವಳು ನಾನು. ಮೊನ್ನೆ, ವರ್ಷಕ್ಕೊಮ್ಮೆ ಬರುವ ಕ್ಷಮಾವಣಿಯಂದು, ಬಸದಿಯಲ್ಲಿ ಎಲ್ಲರಲ್ಲೂ ಕ್ಷಮೆ ಕೇಳಿದೆ, ಎಲ್ಲರನ್ನೂ ಕ್ಷಮಿಸಿದೆ. ನಿಮ್ಮ ನೆನಪಾದಾಗ ಮಾತ್ರ ಮುಗಿದ ಕೈ ಬಿಟ್ಟೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದು ಇಳಿಯುವುದು ನನಗೆ ಬೇಡ.

ಬಂಟ್ವಾಳದಲ್ಲಿ ನಿಮಗೆ ‘ಉತ್ತಮ ಶಿಬಿರಾಧಿಕಾರಿ’ ಸನ್ಮಾನವಂತೆ. ಅದಕ್ಕೆ ಮೊದಲು ವರದಿ ಹಿಂದಕ್ಕೆ ಪಡೆದು ನನ್ನ ಮಗಳಿಗೆ ಇನ್ನೊಮ್ಮೆ ಓಡಲು ಬಿಡಿ, ಹೊಟ್ಟೆ ತುಂಬ ಉಂಡು ಓಡಲು. ಆಗುವುದಿಲ್ಲವೋ, ಆ ದಿನ ನಾನೂ ಬರುತ್ತೇನೆ, ಅದೇ ಡಬ್ಬಿ ಹಿಡಿದು. ಎಲ್ಲರೂ ಊಟಕ್ಕೆ ಕುಳಿತಾಗ ನಿಮ್ಮ ಎಲೆಗೆ ಬಡಿಸುವವಳು ನಾನೇ. ಎರಡು ಚಮಚ ಸಾಕು, ಅದರಲ್ಲಿ ಎಲ್ಲ ಉಂಟಲ್ಲ.

ಇಂತಿ,
ಈ ವರ್ಷ ಒಬ್ಬರನ್ನು ಕ್ಷಮಿಸಲಾಗದೆ ಉಳಿದ
ಪದ್ಮಲತಾ, ವೇಣೂರು