ಎಮಿಲ್ ಬಂದು ಹೋದ ಸಂಜೆ

ತಯಾಬಾಸ್, ಫಿಲಿಪ್ಪೀನ್ಸ್
ನವೆಂಬರ್ ೧೦, ೧೯೯೬

ಪ್ರೀತಿಯ ಮಗ ತಿನೊ,

ನಿನ್ನ ಇನಾಯ್ ಕಾಗದ ಬರೆಯಲು ಇಷ್ಟು ತಡ ಮಾಡಿದಳೆಂದು ಬೇಸರ ಮಾಡಿಕೊಳ್ಳಬೇಡ. ಹೆತ್ತವಳಿಗೆ ಮಗನಿಗೆ ಬರೆಯಲು ಪುರುಸೊತ್ತಿಲ್ಲವೇ ಎಂದು ನೀನು ಕೇಳಬಹುದು. ಪುರುಸೊತ್ತು ಇತ್ತು. ಬರೆಯಲು ಕೂತಾಗಲೆಲ್ಲ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಎದ್ದುಹೋಗುತ್ತಿದ್ದೆ. ಈ ಕಾಗದ ರಾಟರ್‌ಡ್ಯಾಮಿನಲ್ಲಿ ನಿನ್ನ ಕೈಸೇರುತ್ತದೆ ಎಂದು ಹಡಗಿನ ಏಜೆಂಟರ ಆಫೀಸಿನ ಹೆಂಗಸು ಹೇಳಿದ್ದಾಳೆ. ಅಲ್ಲಿ ಈಗ ಚಳಿ ಇರಬೇಕು. ನಾನು ಹೆಣೆದುಕೊಟ್ಟ ಸ್ವೆಟರನ್ನು ಮರೆಯದೆ ತೊಡು. ನಗುವವರು ನಗಲಿ.

ನಾನು ಆರೋಗ್ಯದಿಂದಿದ್ದೇನೆ. ಮೊಣಕಾಲು ಮಾತ್ರ ಮಳೆ ಬರುವುದನ್ನು ರೇಡಿಯೋಕ್ಕಿಂತ ಮೊದಲೇ ಹೇಳುತ್ತದೆ. ಕಳೆದ ಬಿರುಗಾಳಿಗೆ ಅಡುಗೆಮನೆಯ ಮೇಲಿನ ತಗಡು ಎದ್ದಿತ್ತು, ಮೊಳೆ ಹೊಡೆಸಿದ್ದೇನೆ. ನಿನ್ನ ಮಗಳು ಲುಸಿಂಗ್‌ಗೆ ಮುಂದಿನ ಹಲ್ಲು ಬಂದಿದೆ, ಅವಳ ಮುಖಕ್ಕೆ ಸ್ವಲ್ಪ ದೊಡ್ಡದೇ ಆಯಿತು. ನಿನ್ನ ಹೆಂಡತಿ ನೊಯೆಮಿಯ ವಿಷಯ ಮುಂದೆ ಬರೆಯುತ್ತೇನೆ.

ನಿನ್ನ ಮಗ ಎಮಿಲ್ ನಮ್ಮನ್ನು ಬಿಟ್ಟು ಹೋದಮೇಲೆ ಬಂದ, ಸತ್ತವರನ್ನು ನೆನೆಯುವ ಮೊದಲ ಸಂತರ ಹಬ್ಬ ಇದು. ಅದನ್ನು ಹೇಗೆ ಕಳೆದೆವು ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಬರೆಯುತ್ತೇನೆ.

ಮೊದಲು ನಿನ್ನ ಹೆಂಡತಿಯ ಪರವಾಗಿ ಒಂದು ಮಾತು. ಜೂನ್‌ನಲ್ಲಿ ಡೆಂಗಿ ಜ್ವರದಿಂದ ಮಗು ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ರಕ್ತ ಬೇಕೆಂದರು. ನಮ್ಮ ಚರ್ಚಿನ ಮಂದಿ ಜಪಮಾಲೆ ಹಿಡಿದು ಪ್ರಾರ್ಥಿಸುತ್ತೇವೆಂದರು. ನೊಯೆಮಿಯ ಹೊಲಿಗೆ ಗೆಳತಿ ಹೋಗುವ ಸಭೆಯವರು, ಅದೇ ಮೀನುಮಾರುಕಟ್ಟೆಯ ಮೇಲಿನ ಹಾಲ್‌ನಲ್ಲಿ ಗಿಟಾರು ಬಾರಿಸಿ ಹಾಡುವವರು, ಎರಡು ಜೀಪು ತುಂಬ ಬಂದು ತೋಳು ಚಾಚಿ ನಿಂತರು. ಮಗು ಉಳಿಯಲಿಲ್ಲ. ಆದರೆ ಅವರ ರಕ್ತ ಕೊನೆಯ ಗಳಿಗೆಯಲ್ಲಿ ಅವನ ಮೈಯಲ್ಲಿ ಓಡುತ್ತಿತ್ತು. ಅಂಥವರ ಸಭೆಗೆ ಅವಳು ಹೋಗತೊಡಗಿದರೆ ನಾನು ಏನೆಂದು ತಡೆಯಲಿ? ಮನೆಯಲ್ಲಿ ಒಂದೇ ಒಲೆ, ಎರಡು ಪ್ರಾರ್ಥನೆ. ಹೇಗೋ ನಡೆಯುತ್ತಿತ್ತು.

ಅಕ್ಟೋಬರ್ ಕೊನೆಗೆ ಅದು ಕೆಟ್ಟಿತು. ಶಾಲೆಯಲ್ಲಿ ಟೀಚರು ಅಮೆರಿಕದ ಟೀವಿಯಲ್ಲಿ ತೋರಿಸುವ ಹಾಗೆ ಹ್ಯಾಲೋವೀನ್ ಮೆರವಣಿಗೆ ಮಾಡುತ್ತೇವೆ, ಎಲ್ಲರೂ ದೆವ್ವವೋ ಮಾಟಗಾತಿಯೋ ಆಗಿ ಬನ್ನಿ ಎಂದರು. ಅದೇ ವಾರದ ಭಾನುವಾರ ನಮ್ಮ ಫಾದರ್ ಪ್ರವಚನದಲ್ಲಿ ದೆವ್ವದ ವೇಷ ಸಲ್ಲದು, ಮಕ್ಕಳನ್ನು ಸಂತರ ಹಾಗೆ ಸಿಂಗರಿಸಿ ಕಳಿಸಿ ಎಂದರು. ನಾನು ಲುಸಿಂಗ್‌ಗೆ ಸಂತ ಲೂಸಿಯ ನಿಲುವಂಗಿ ಹೊಲಿಯಲು ಬಟ್ಟೆ ತೆಗೆದೆ. ನೊಯೆಮಿಯ ಪಾಸ್ಟರ್ ಎರಡೂ ಬೇಡ, ಆ ದಿನ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದರಂತೆ. ಹುಡುಗಿ ಮೂರೂ ಮಾತು ಕೇಳಿಕೊಂಡು ಉಗುರು ಕಚ್ಚುತ್ತ ಓಡಾಡಿಕೊಂಡಿದ್ದಳು.

ಮೂವತ್ತೊಂದರ ಬೆಳಿಗ್ಗೆ ನಾನು ಅಂಟಕ್ಕಿ ನೆನೆಹಾಕಿದೆ. ಬಾಳೆಲೆ ಬಾಡಿಸಿಟ್ಟೆ. ಎಮಿಲ್‌ಗೆ ಸುಮಾನ್ ಕಡುಬೆಂದರೆ ಪ್ರಾಣ, ಬಿಸಿ ಆರುವ ಮೊದಲೇ ಎಲೆ ಬಿಚ್ಚಿ ಬೆರಳು ಸುಟ್ಟುಕೊಳ್ಳುತ್ತಿದ್ದ. ನೊಯೆಮಿ ಬಂದು ಪಾತ್ರೆಯನ್ನು ನೋಡಿದಳು. ಈ ಮನೆಯಲ್ಲಿ ಸತ್ತವರಿಗೆ ಎಡೆ ಇಡುವುದು ಬೇಡ ಎಂದಳು, ಮೆಲ್ಲಗೇ ಹೇಳಿದಳು. ನನಗೆ ಸಿಟ್ಟು ಬಂತು. ಇನ್ನೂ ಆರು ತಿಂಗಳಾಗಿಲ್ಲ, ಆಗಲೇ ಅವನಿಗೊಂದು ಮೇಣದ ಬತ್ತಿ ಹಚ್ಚಲು ನಿನ್ನ ಕೈ ಏಳುವುದಿಲ್ಲವೇ, ಕಲ್ಲಿನ ಎದೆ ಎಲ್ಲಿಂದ ತಂದೆ ಎಂದುಬಿಟ್ಟೆ. ಆಡಿದ ಮಾತು, ಈಗ ಬರೆಯಲೂ ಕೈ ಬರುವುದಿಲ್ಲ.

ಕೈ ತೊಳೆಯುತ್ತಿದ್ದ ಅವಳು ನಲ್ಲಿ ನಿಲ್ಲಿಸಿದಳು. ಅಂಗಿಗೆ ಕೈ ಒರೆಸಿಕೊಂಡಳು.

"ಇವತ್ತು ರಾತ್ರಿ ನೀವು ಹಾಡೋ ಹಾಡಲ್ಲಿ ಸತ್ತೋರು ಹಸ್ಕೊಂಡು, ಚಳೀಲಿ ನಡುಗ್ತಾ, ಮನೆಮನೆ ಬಾಗ್ಲಲ್ಲಿ ಬೇಡ್ತಾರೆ. ಆರು ವರ್ಷದ ಮಗು ಬೆಂಕೀಲಿ ಬೇಯೋಕೆ ಏನ್ ಪಾಪ ಮಾಡಿತ್ತು, ಇನಾಯ್? ನನ್ನ ಮಗ ಭಿಕ್ಷುಕ ಅಲ್ಲ. ಅವ್ನು ದೇವ್ರ ತೊಡೆ ಮೇಲೆ ಕೂತಿದಾನೆ. ಅವ್ನಿಗೆ ಏನೂ ಬೇಕಾಗಿಲ್ಲ."

"ಅವ್ನಿಗೆ ಏನೂ ಬೇಡ ಅಂದ್ರೆ, ನಮಗೆ ಮಾಡೋಕೆ ಏನು ಉಳೀತು?" ಎಂದೆ.

ಅವಳು ಹೋಗಿ ಹೊಲಿಗೆಗೆ ಕೂತಳು. ಆದರೆ ಅವಳ ಮಾತು ನನ್ನ ತಲೆಯಿಂದ ಹೋಗಲಿಲ್ಲ, ತಿನೊ. ಹಬ್ಬದ ಹಿಂದಿನ ರಾತ್ರಿ ಸತ್ತವರ ಆತ್ಮಗಳ ವೇಷ ಹಾಕಿದವರು ಮನೆಮನೆಯ ಬಾಗಿಲಲ್ಲಿ ಬೇಡುತ್ತ ಹಾಡುವ ಆ ಹಾಡನ್ನು ಅರವತ್ತು ವರ್ಷದಿಂದ ಕೇಳಿದ್ದೇನೆ, ಹಾಡಿದ್ದೇನೆ. ಪಾಪ ಸವೆಸುವ ಬೆಂಕಿಯಿಂದ ಬಂದಿದ್ದೇವೆ, ಬೇಗ ಕೊಡಿ, ತಡವಾದರೆ ಸ್ವರ್ಗದ ಬಾಗಿಲು ಮುಚ್ಚುತ್ತದೆ ಎನ್ನುವುದನ್ನು ನಗುನಗುತ್ತಲೇ ಹಾಡಿದ್ದೇನೆ. ಅದರಲ್ಲಿ ಬೇಡುವವನು ನಮ್ಮ ಮಗುವೂ ಆಗಬಹುದೆಂದು ಅವತ್ತಿನವರೆಗೆ ಯೋಚಿಸಿರಲಿಲ್ಲ. ಆದರೂ ಸೋಲಲು ಮನಸ್ಸಿಲ್ಲದೆ ಕಡುಬು ಬೇಯಿಸಿದೆ. ಮನೆಯೊಳಗೆ ಇಡಲಿಲ್ಲ, ಹಿತ್ತಲ ಜಗಲಿಯ ಮೇಲೆ ಮುಚ್ಚಿಟ್ಟೆ. ಇಬ್ಬರೂ ಬೇರೆಬೇರೆ ಕಡೆ ಮುಖ ಮಾಡಿ ಊಟ ಮಾಡಿದೆವು. ಲುಸಿಂಗ್ ನಮ್ಮಿಬ್ಬರ ಮುಖ ನೋಡುತ್ತ ಅನ್ನ ಕಲಸುತ್ತಲೇ ಇದ್ದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಆತ್ಮಗಳು ಬಂದವು. ಈ ಸಲವೂ ಕಾರಿಂಗ್ ಅವರ ಮುಂದಾಳು. ಕಡುಬು ಮಾರುವ ಆ ವಿಧವೆ ನಿನಗೆ ನೆನಪಿರಬೇಕು, ಅವಳ ಬಾಯಿ ಮುಚ್ಚುವ ಹೊದಿಕೆಯನ್ನು ಯಾರೂ ಇನ್ನೂ ನೇಯ್ದಿಲ್ಲ. ಹೋದ ವರ್ಷ ನಮ್ಮ ಬಾಗಿಲಲ್ಲಿ ಬಿಳಿ ಹೊದಿಕೆಯೊಳಗಿಂದ ನನಗೆ, ನಾನು ನಿನ್ನ ಗಂಡ ಕಣೇ, ಬದುಕಿದ್ದಷ್ಟು ದಿನ ಕಾಫಿಗೆ ಸಕ್ಕರೆ ಕಮ್ಮಿ ಹಾಕಿದೆ, ಯಾಕೆ ಅಂತ ಕೇಳಿ ಹೋಗೋಕೆ ಬಂದೆ ಎಂದಿದ್ದಳು. ಪಾಸ್ಟರ್ ಮನೆಯವರು ಏನೂ ಕೊಡದೆ ಬಾಗಿಲು ಹಾಕಿಕೊಂಡದ್ದಕ್ಕೆ ಅವರ ಕೋಳಿಯೊಂದು ಆ ರಾತ್ರಿ ಕಾಣೆಯಾಗಿ, ಕದ್ದವರು ಆತ್ಮಗಳೇ ಎಂದು ಊರೆಲ್ಲ ನಕ್ಕಿತ್ತು. ಪಾಸ್ಟರ್ ಕೂಡ ನಕ್ಕರಂತೆ, ಅವರ ಹೆಂಡತಿ ನಗಲಿಲ್ಲವಂತೆ.

ನೊಯೆಮಿ ನನಗಿಂತ ಮೊದಲು ಎದ್ದು ಬಾಗಿಲಿಗೆ ಹೋದಳು. ಈ ಮನೆಯಲ್ಲಿ ಈ ವರ್ಷ ಹಾಡುವುದು ಬೇಡ ಎಂದು ಮರ್ಯಾದೆಯಾಗಿ ಹೇಳಿ ಕಳಿಸುವುದು ಅವಳ ಇರಾದೆ. ಹೊರಗೆ ಏಳೆಂಟು ಜನ, ತಲೆಯಿಂದ ಕಾಲಿನವರೆಗೆ ಬಿಳಿ ಹೊದಿಕೆ, ಕೈಯಲ್ಲಿ ಮೇಣದ ಬತ್ತಿ. ನಾನು ಅವಳ ಹಿಂದೆ ಬಂದು, ಅಭ್ಯಾಸಬಲವೋ ಹಟವೋ, ವಾಡಿಕೆಯ ಪ್ರಶ್ನೆ ಕೇಳಿಯೇಬಿಟ್ಟೆ. ಯಾರ ಆತ್ಮ ನೀವು ಎಂದೆ.

ಕಾರಿಂಗ್ ಏನೋ ತಮಾಷೆ ಹೇಳುತ್ತಾಳೆಂದು ಕಾದೆ. ಅವಳು ಹೇಳಲಿಲ್ಲ. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಗಿಡ್ಡಗೆ ನಿಂತಿದ್ದ ಹೊದಿಕೆಯೊಳಗಿಂದ ಸಣ್ಣ ದನಿ ಬಂತು.

"ಎಮಿಲ್."

ಹೊದಿಕೆಯ ಕೆಳಗೆ ಕಾಣುತ್ತಿದ್ದ ಚಪ್ಪಲಿಯ ಪಟ್ಟಿಗೆ ತಂತಿ ಸುತ್ತಿತ್ತು. ಆ ತಂತಿ ಸುತ್ತಿದವಳು ನಾನು. ನೊಯೆಮಿಯೂ ನೋಡಿದಳು. ಹಿತ್ತಲಲ್ಲಿ ಆಡುತ್ತಿದ್ದಾಳೆಂದು ನಾವಿಬ್ಬರೂ ಅಂದುಕೊಂಡಿದ್ದ ಲುಸಿಂಗ್ ಯಾವಾಗಲೋ ಕಾರಿಂಗಳ ಗುಂಪು ಸೇರಿಕೊಂಡಿದ್ದಳು. ಈಗ ಹೊಡೆತ ಬೀಳುತ್ತದೆ ಎಂದುಕೊಂಡೆ. ಮಗುವನ್ನು ಎಳೆದುಕೊಂಡು ಒಳಗೆ ಹೋಗೋಣವೆಂದು ಮುಂದೆ ಹೆಜ್ಜೆಯಿಟ್ಟೆ.

ನೊಯೆಮಿ ಹೊಸ್ತಿಲ ಮೇಲೆ ಮಂಡಿಯೂರಿ ಕೂತಳು. ಆ ಹೊದಿಕೆಯ ಕಣ್ಣಿನ ತೂತುಗಳ ಮಟ್ಟಕ್ಕೆ ಮುಖ ತಂದಳು.

"ಊಟ ಆಯ್ತಾ, ಮಗಾ?"

"ಹಸಿವಿಲ್ಲಮ್ಮ."

"ಚಳಿ ಆಗ್ತಿದ್ಯಾ?"

"ಇಲ್ಲ."

"ಮತ್ಯಾಕೆ ಬಂದೆ?"

"ಸುಮ್ನೆ. ನೋಡ್ಕೊಂಡು ಹೋಗೋಣ ಅಂತ."

ನೊಯೆಮಿ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು. ಎತ್ತಲಿಲ್ಲ. ಆಮೇಲೆ ಬಿಟ್ಟಳು. ಒಳಗಿನ ದೀಪದ ಬೆಳಕು ಮುಖದ ಮೇಲೆ ಬೀಳುವ ಹಾಗೆ ಸ್ವಲ್ಪ ತಿರುಗಿ ಕೂತು, "ಆಯ್ತು, ನೋಡ್ಕೊ" ಎಂದಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಕಾಣೆ. ಯಾರೂ ಹಾಡಲಿಲ್ಲ. ಕಾರಿಂಗ್, ಆ ಕಾರಿಂಗ್, ಮೂಗು ಸೀಟಿಕೊಂಡದ್ದು ಕೇಳಿಸಿತು. ಕೊನೆಗೆ ಅವಳೇ ಸಣ್ಣದರ ಭುಜ ಹಿಡಿದು ಮೆಲ್ಲಗೆ ತಿರುಗಿಸಿದಳು. ಬತ್ತಿಗಳು ಒಂದೊಂದಾಗಿ ಬೇಲಿ ದಾಟಿ ಪಕ್ಕದ ಮನೆಗೆ ಹೋದವು.

ಸ್ವಲ್ಪ ಹೊತ್ತಿನ ಮೇಲೆ ಲುಸಿಂಗ್ ಹಿತ್ತಲ ಬಾಗಿಲಿಂದ ಲುಸಿಂಗ್ ಆಗಿಯೇ ಬಂದಳು. ನೊಯೆಮಿ ಬೈಯಲಿಲ್ಲ. ಕಾಲು ತೊಳ್ಕೊಂಡು ಒಳಗೆ ಬಾ ಎಂದಳು, ಅಷ್ಟೇ. ನಾನು ಆಮೇಲೆ ತಲೆ ಬಾಚುವಾಗ ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. "ನೀವಿಬ್ರೂ ಅವನನ್ನ ಒಂದು ಮಾತು ಕೇಳ್ದೇನೇ ಜಗಳ ಆಡ್ತಿದ್ರಲ್ಲ ಅಜ್ಜಿ" ಎಂದಳು.

ಮರುದಿನ ಸ್ಮಶಾನಕ್ಕೆ ಹೊರಟಾಗ ನೊಯೆಮಿ ಮಗಳನ್ನು ನನ್ನ ಜೊತೆ ಕಳಿಸಿದಳು. ತಾನು ಬರಲಿಲ್ಲ, ನಾನೂ ಕರೆಯಲಿಲ್ಲ. ಇಡೀ ಊರು ಅಲ್ಲಿತ್ತು. ಗೋರಿಗಳ ಮೇಲೆ ಊಟದ ಡಬ್ಬಿ, ಇಸ್ಪೀಟು, ಅಳುವವರು, ನಿದ್ದೆ ಮಾಡುವವರು. ನಿನ್ನ ತಂದೆಗೆ ಒಂದು ಬತ್ತಿ, ಎಮಿಲ್‌ಗೆ ಒಂದು ಹಚ್ಚಿದೆ. ಲುಸಿಂಗ್ ಕಡುಬಿನ ಎಲೆ ಬಿಚ್ಚಿ ಅರ್ಧ ತಾನು ತಿಂದಳು, ಅರ್ಧ ಕಲ್ಲಿನ ಮೇಲೆ ಇಟ್ಟಳು. ಇರುವೆಗಳು ಬಂದವು. ತಮ್ಮನಿಗೆ ಇರುವೆ ಕಂಡರೆ ಇಷ್ಟ ಎಂದಳು.

ಸಣ್ಣ ಊರು, ಮಾತಿಗೆ ರೆಕ್ಕೆ. ಎರಡನೆಯ ದಿನ ಪಾಸ್ಟರ್ ಮನೆಗೆ ಬಂದರು. ಒಳ್ಳೆಯ ಹುಡುಗ, ಎಮಿಲ್‌ಗೆ ರಕ್ತ ಕೊಟ್ಟವರಲ್ಲಿ ಮೊದಲನೆಯವನು. ಕುರ್ಚಿಯ ತುದಿಯಲ್ಲಿ ಕೂತು, ಸತ್ತವರ ಹೆಸರಿನಲ್ಲಿ ಮಾತಾಡುವುದನ್ನು ದೇವರ ವಾಕ್ಯ ಒಪ್ಪುವುದಿಲ್ಲ ಎಂದು ಸಂಕೋಚದಿಂದಲೇ ಹೇಳಿದರು. ನೊಯೆಮಿ ತಲೆತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ಅವ್ಳು ಸತ್ತೋರ ಹೆಸರಲ್ಲಿ ಮಾತಾಡ್ಲಿಲ್ಲ, ಪಾಸ್ಟರ್. ತನ್ನ ತಮ್ಮನ ಹೆಸರಲ್ಲಿ ಮಾತಾಡಿದ್ಲು."

ಅವರು ಕಾಫಿ ಕುಡಿದು ಪ್ರಾರ್ಥನೆ ಮಾಡಿ ಹೋದರು. ನಾನೂ ಸುಮ್ಮನಿರಲಾರದೆ ನಮ್ಮ ಫಾದರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅದು ಧರ್ಮಸಭೆಯ ಪುಸ್ತಕದಲ್ಲಿಲ್ಲದ ಆಚಾರ, ಮಕ್ಕಳ ಮನಸ್ಸಿಗೆ ಒಳ್ಳೆಯದಲ್ಲ ಎಂದರು. ಈ ಊರಿನ ಎರಡು ಪ್ರಾರ್ಥನಾಮಂದಿರಗಳೂ ಒಂದೇ ಮಾತು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಇಬ್ಬರೂ ಓದಿದವರು, ಇಬ್ಬರೂ ನಮ್ಮ ಒಳ್ಳೆಯದನ್ನೇ ಬಯಸುವವರು. ಅವರು ಹೇಳುವುದು ಸರಿಯೇ ಇರಬಹುದು. ನಾನು ಕಂಡದ್ದು ಇಷ್ಟೇ: ಜೂನ್‌ನಿಂದ ಒಂದು ಹನಿ ಕಣ್ಣೀರು ಹಾಕದ ನಿನ್ನ ಹೆಂಡತಿ ಪಾಸ್ಟರ್ ಹೋದಮೇಲೆ ಒಲೆಯ ಮುಂದೆ ಕೂತು ಅತ್ತಳು. ನಾನು ಬೆನ್ನು ಸವರಿದೆ. ಬೇಡ ಎನ್ನಲಿಲ್ಲ. ನಾನಾಡಿದ ಮಾತಿಗೆ ಕ್ಷಮೆ ಕೇಳಿದೆ. ಅನ್ನ ಸೀದುಹೋಗ್ತಿದೆ ಇನಾಯ್ ಎಂದಳು.

ಬುಧವಾರ ಅವಳು ಲುಸಿಂಗ್‌ಳನ್ನು ಕರೆದುಕೊಂಡು ಲುಸೆನಾಕ್ಕೆ, ತನ್ನ ಅಕ್ಕನ ಮನೆಗೆ ಹೋದಳು. ಅಲ್ಲಿ ಹೊಲಿಗೆ ಅಂಗಡಿಯಲ್ಲಿ ಕೆಲಸವಿದೆಯಂತೆ. ನಮ್ಮಿಬ್ಬರ ನಡುವೆ ಈಗ ಜಗಳವಿಲ್ಲ, ಆ ಬಗ್ಗೆ ಚಿಂತೆ ಬೇಡ. ಹೋಗುವಾಗ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಕೇಳಿದಳು.

ನಿನಗೂ ಅದೇ ಆಶೀರ್ವಾದ. ಹಡಗಿನ ಕಬ್ಬಿಣ ಜಾರುತ್ತದೆ, ನೋಡಿ ಕಾಲಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ನಂಬಿದ ದೇವರು, ಅವಳು ನಂಬಿದ ದೇವರು, ಇಬ್ಬರಲ್ಲ ಒಬ್ಬನೇ ಎಂದು ನಾನು ತಿಳಿದಿದ್ದೇನೆ. ಅವನು ನಿನ್ನನ್ನು ನೀರಿನ ಮೇಲೆ ಕಾಯಲಿ.

ನಿನ್ನ ಇನಾಯ್,
ಅಪೊಲೊನಿಯಾ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡೇ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಬಸ್ಸು ಬರುವ ಮೊದಲು ನೊಯೆಮಿ ಒಂದು ಮಾತು ಹೇಳಿದಳು. ಎಮಿಲ್ ಹೋದ ದಿನ ಕಂಪನಿ ನಿನಗೆ ರಜೆ ಕೊಟ್ಟು ಸಿಂಗಾಪುರದಿಂದ ವಿಮಾನದ ಟಿಕೆಟ್ಟನ್ನೂ ತೆಗೆಸಿತ್ತಂತೆ. ಬರುವುದಿಲ್ಲ ಎಂದವನು ನೀನೇ ಅಂತೆ. ಹಡಗು ನಡುಸಮುದ್ರದಲ್ಲಿದೆ, ಬರಲಾಗುವುದಿಲ್ಲ ಎಂದು ನಾನು ಊರಿನವರಿಗೆಲ್ಲ ಹೇಳುತ್ತ ಬಂದೆ. ಅವಳು ನಿಜ ಗೊತ್ತಿದ್ದೂ ಪಕ್ಕದಲ್ಲಿ ನಿಂತು ನನ್ನ ಮಾತು ಉಳಿಸಿದಳು. ಯಾಕೆ ಬರಲಿಲ್ಲ ಎಂದು ನಾನು ಕೇಳುವುದಿಲ್ಲ. ಮಣ್ಣು ಮಾಡುವುದನ್ನು ಕಣ್ಣಾರೆ ನೋಡದವನು ಮಗು ಇನ್ನೂ ಅಂಗಳದಲ್ಲಿ ಆಡುತ್ತಿದೆ ಎಂದುಕೊಂಡು ಹಡಗಿನಲ್ಲಿ ದಿನ ನೂಕಬಹುದು, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಪೆಟ್ಟಿಗೆಯ ಮೇಲೆ ತಂದೆಯ ಪಾಲಿನ ಹಿಡಿ ಮಣ್ಣನ್ನೂ ಅವಳೇ ಹಾಕಿದಳು, ತಿನೊ. ಮತ್ತೆ ಈ ಮನೆಗೆ ಬರುತ್ತೇನೆಂದು ಅವಳು ಹೇಳಿಲ್ಲ. ಅವನಿಗೆ ಬಾ ಅಂತ ಮಾತ್ರ ಬರೀಬೇಡಿ ಇನಾಯ್, ಹೇಳಿಸಿಕೊಂಡು ಬರೋದಾದ್ರೆ ಬೇಡ ಎಂದಳು. ಅದಕ್ಕೇ ನಾನು ಬರೆಯುತ್ತಿಲ್ಲ. ಅವಳ ಅಕ್ಕನ ಮನೆ ಲುಸೆನಾದಲ್ಲಿ ಮಾರುಕಟ್ಟೆಯ ಹಿಂದಿನ ಬೀದಿ, ಹಸಿರು ಗೇಟು.